ಸಾಮ್ರಾಜ್ಯದ ಎಲ್ಲೆ, ಸಂತೆಯ ಎಲ್ಲೆ

ಗಡಿನಾಡಿನ ಕನ್ನಡ ಸಮ್ಮೇಳನಗಳಲ್ಲಿ ಮಹಾದ್ವಾರಕ್ಕೆ ಚಕ್ರವರ್ತಿಯೊಬ್ಬನ ಹೆಸರಿಡುವುದು ಬಹುಕಾಲದ ವಾಡಿಕೆ. ಒಂದು ವರ್ಷ ಇಮ್ಮಡಿ ಪುಲಕೇಶಿ, ಇನ್ನೊಂದು ವರ್ಷ ಅಮೋಘವರ್ಷ ನೃಪತುಂಗ, ಮತ್ತೊಂದು ವರ್ಷ ಆರನೆಯ ವಿಕ್ರಮಾದಿತ್ಯ. ದ್ವಾರವನ್ನು ದಾಟಿ ಮಂಟಪವನ್ನು ಸೇರಿದರೆ ವೇದಿಕೆಯ ಮಾತೂ ಅದೇ ಜಾಡಿನಲ್ಲಿ ಸಾಗುತ್ತಿರುತ್ತದೆ: ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದ ನಾಡು, ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದ ಸೇನೆ, ಮಧ್ಯಪ್ರದೇಶದ ಜೂರಾದಲ್ಲಿ ದೊರೆತ ಮುಮ್ಮಡಿ ಕೃಷ್ಣನ ಕನ್ನಡ ಶಾಸನ. ಕೇಳುವ ನಮಗೂ ಇವೆಲ್ಲ ಬಾಯಿಪಾಠ. ಚಪ್ಪಾಳೆ ಎಲ್ಲಿ ಬೀಳಬೇಕೆಂಬುದೂ ಗೊತ್ತು.

ಈ ಸಂಗತಿಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಅವುಗಳ ಬೆನ್ನಿಗೆ ತರ್ಕವೊಂದು ಸದ್ದಿಲ್ಲದೆ ನುಸುಳುತ್ತದೆ: ನಮ್ಮ ಅರಸರು ಇಲ್ಲಿ ಆಳಿದರು, ಆದ್ದರಿಂದ ನಮ್ಮ ನುಡಿ ಇಲ್ಲಿದೆ. ಇದು ತಪ್ಪು ಇತಿಹಾಸ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಬಾಳುವೆ ಮಾಡುತ್ತಿರುವ ನಮಗೆ ಅಪಾಯದ ಇತಿಹಾಸವೂ ಹೌದು. ಅರಸರ ಆಳ್ವಿಕೆಯೇ ನಮ್ಮ ಹಕ್ಕಿಗೆ ಆಧಾರವೆಂದು ಒಪ್ಪಿದೊಡನೆ, ಶಾತವಾಹನರ ಹೆಸರು ಹೇಳಿ, ದೇವಗಿರಿಯ ಹೆಸರು ಹೇಳಿ, ಆಮೇಲಿನ ಮರಾಠಾ ದೌಲತ್ತಿನ ಹೆಸರು ಹೇಳಿ, ನೀವು ನಡುವೆ ಬಂದವರು ಎನ್ನುವವರ ಕೈಗೂ ಅದೇ ಆಯುಧವನ್ನು ಕೊಟ್ಟಂತಾಯಿತು. ವಂಶಾವಳಿಗೆ ವಂಶಾವಳಿ, ಬಿರುದಿಗೆ ಬಿರುದು. ಈ ಪಂದ್ಯಕ್ಕೆ ಮುಗಿವೆಂಬುದಿಲ್ಲ. ಆ ಅರಸರು ಯಾತರ ಬಲದಿಂದ ಅರಸರಾದರೆಂಬುದನ್ನು ಮಾತ್ರ ಎರಡು ಕಡೆಯವರೂ ಕೇಳುವುದಿಲ್ಲ.

ಅದನ್ನು ನೆಲವನ್ನೇ ಕೇಳಬೇಕು. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಮೂಡಣಕ್ಕೆ 250 ಕಿಲೋಮೀಟರಿನೊಳಗೆ ಇರುವ ಸೊಲ್ಲಾಪುರಕ್ಕೆ 700ರ ಆಸುಪಾಸು. ಅದೂ ಬಂದ ವರ್ಷ ಬಂತು. ಕೃಷ್ಣೆ ಹುಟ್ಟುವ ತಾವಿನಿಂದ ಅರಬ್ಬೀ ಸಮುದ್ರ ಕೇವಲ 64 ಕಿಲೋಮೀಟರ್. ಆದರೂ ಆಕೆ ಅತ್ತ ಹೊರಳದೆ 1400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಸೀನೆ, ಕಾಗಿಣೆಗಳು ಭೀಮೆಗೆ, ಭೀಮೆ, ಮಲಪ್ರಭೆಗಳು ಕೃಷ್ಣೆಗೆ. ಎಲ್ಲ ನೀರೂ ಮೂಡಣಕ್ಕೇ. ಹೊಳೆಗಳು ದೊಡ್ಡವಾದರೂ ಗಂಗೆಯಲ್ಲಿ ಸಾಗುವಂತೆ ಸರಕಿನ ನಾವೆ ಇವುಗಳಲ್ಲಿ ಸಾಗದು. ಬೇಸಿಗೆಯಲ್ಲಿ ಬಂಡೆ ಏಳುತ್ತದೆ, ಮಳೆಗಾಲದಲ್ಲಿ ಮಹಾಪೂರ. ಆದಕಾರಣ ದಖ್ಖನದ ಸರಕು ಎತ್ತಿನ ಬೆನ್ನ ಮೇಲೆ, ಬಂಡಿಯ ಮೇಲೆ ನಡೆಯಬೇಕಾಯಿತು. ಎತ್ತು ನಡೆಯುವ ದಾರಿಗೆ ಇಕ್ಕಟ್ಟಿನ ತಾವುಗಳು ಎರಡು: ಘಟ್ಟವನ್ನು ಇಳಿಯುವ ಕಣಿವೆ, ಹೊಳೆಯನ್ನು ದಾಟುವ ಕಡೆ. ಈ ಎರಡು ತಾವುಗಳಲ್ಲಿ ಕಾವಲು ನಿಲ್ಲಿಸಬಲ್ಲವನು ಅರಸನೆನಿಸಿದ. ಮಳೆಯನ್ನು ನೆಚ್ಚಿದ ಕಂದಾಯ ಬರಗಾಲದಲ್ಲಿ ಕೈಕೊಡುತ್ತದೆ. ದೂರದ ಸರಕಿನ ಸುಂಕ ಅಷ್ಟು ಸುಲಭವಾಗಿ ಕೈಕೊಡುವುದಿಲ್ಲ. ನಮ್ಮ ದಖ್ಖನದ ರಾಜಧಾನಿಗಳಲ್ಲಿ ಹೆಚ್ಚಿನವು ಕಡಲ ದಂಡೆಯಲ್ಲಿಲ್ಲದೆ ಘಟ್ಟದ ಮರೆಯಲ್ಲಿ, ಒಣನೆಲದಲ್ಲಿ ಕುಳಿತಿರುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಶಾತವಾಹನರನ್ನೇ ನೋಡಿರಿ. ಕೊಂಕಣದ ರೇವುಗಳಿಂದ ಜುನ್ನರಕ್ಕೆ, ಅಲ್ಲಿಂದ ಪೈಠಣಕ್ಕೆ ಏರಿ ಬರುವ ದಾರಿಯಲ್ಲಿ ನಾಣೇಘಾಟವೆಂಬ ಕಣಿವೆಯಿದೆ. ಅದರ ತಲೆಯಲ್ಲಿರುವ ಗುಹೆಯಲ್ಲಿ ಶಾತವಾಹನರ ರಾಣಿಯ ಶಾಸನವಿದೆ: ಯಾವ ಯಾವ ಯಜ್ಞಕ್ಕೆ ಎಷ್ಟು ಹಸುಗಳು, ಎಷ್ಟು ಕಾರ್ಷಾಪಣಗಳು ದಕ್ಷಿಣೆಯಾಗಿ ಹೋದವೆಂಬ ಉದ್ದದ ಲೆಕ್ಕ. ಜನವಸತಿಯಿಲ್ಲದ ಘಟ್ಟದ ಬಾಯಲ್ಲಿ ಇಂತಹ ಲೆಕ್ಕವನ್ನು ಕೆತ್ತಿಸುವುದೇಕೆ? ದಾರಿಹೋಕರೆಲ್ಲ ಅಲ್ಲಿಯೇ ನಿಲ್ಲಬೇಕಾಗಿದ್ದುದರಿಂದ. ಕಣಿವೆಯ ಬದಿಯಲ್ಲಿ ಕಲ್ಲಿನ ದೊಡ್ಡ ಕೊಡವೊಂದು ಇಂದಿಗೂ ಉಂಟು. ಸುಂಕದ ನಾಣ್ಯಗಳನ್ನು ಅದರಲ್ಲಿ ಹಾಕುತ್ತಿದ್ದರೆಂದು ಸ್ಥಳೀಯರು ಹೇಳುತ್ತಾರೆ. ಯಜ್ಞದ ದಕ್ಷಿಣೆ ಎಲ್ಲಿಂದ ಬಂತೆಂದು ಕೇಳುವವರಿಗೆ ಉತ್ತರ ಪಕ್ಕದಲ್ಲೇ ಇದೆ.

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಹೆಸರು ತಿಳಿಯದ ಗ್ರೀಕ್ ವರ್ತಕನೊಬ್ಬ ಬರೆದಿಟ್ಟ 'ಪೆರಿಪ್ಲಸ್' ಎಂಬ ಸಮುದ್ರಯಾನದ ಕೈಪಿಡಿಯು ನಮ್ಮ ಸೀಮೆಯನ್ನು ಬಹು ಹತ್ತಿರದಿಂದ ಬಲ್ಲದು. ಭರೂಚದ ರೇವಿನಿಂದ ತೆಂಕಣಕ್ಕೆ 20 ದಿನಗಳ ಹಾದಿ ಪೈಠಣ, ಅಲ್ಲಿಂದ ಮೂಡಣಕ್ಕೆ 10 ದಿನಗಳ ಹಾದಿ ತಗರ. ಸರಿಯಾದ ರಸ್ತೆಯಿಲ್ಲದ ನೆಲದ ಮೇಲೆ ಬಂಡಿಗಳು ಪೈಠಣದ ಮಣಿಗಲ್ಲನ್ನೂ ತಗರದ ಒರಟು ಬಟ್ಟೆ ಹಾಗೂ ನವಿರಾದ ಮಸ್ಲಿನ್ನನ್ನೂ ಹೊತ್ತು ರೇವಿಗೆ ಇಳಿಯುತ್ತಿದ್ದವು. ಆ ತಗರವೇ ಧಾರಾಶಿವ ಜಿಲ್ಲೆಯ ತೇರ. ಸೊಲ್ಲಾಪುರದಿಂದ ಬಸ್ಸಿನಲ್ಲಿ ಕೆಲವೇ ತಾಸುಗಳ ದಾರಿ. ಊರಿನವರೇ ಆದ ರಾಮಲಿಂಗಪ್ಪ ಲಾಮತುರೆಯವರು ಆಯ್ದು ಕೂಡಿಹಾಕಿದ ವಸ್ತುಗಳಿಂದ ಅಲ್ಲಿ ಒಂದು ವಸ್ತುಸಂಗ್ರಹಾಲಯವೇ ಎದ್ದಿದೆ. ಹಂಪಿಗೂ ಬಾದಾಮಿಗೂ ಪ್ರವಾಸ ಹೊರಡುವ ನಮ್ಮ ಸಂಘಗಳು ಈ ತೇರಿನ ಕಡೆ ತಲೆಯಿಟ್ಟೂ ಮಲಗುವುದಿಲ್ಲ. ಅದು 'ನಮ್ಮದಲ್ಲ' ಎಂಬ ಭಾವನೆ.

ಹಾಗಾದರೆ ಇನ್ನೊಂದು ಸಂಗತಿಯನ್ನು ಕೇಳಿರಿ. ಕೊಂಕಣದಲ್ಲಿ, ಕೊಲ್ಲಾಪುರದಲ್ಲಿ ಆಳಿದ ಶಿಲಾಹಾರರು ಸಾವಿರ ವರ್ಷಗಳ ಅನಂತರವೂ ತಮ್ಮನ್ನು ತಗರಪುರವರಾಧೀಶ್ವರರೆಂದು ಕರೆದುಕೊಂಡರು. ರಾಷ್ಟ್ರಕೂಟರ ಬಿರುದು ಲತ್ತಲೂರಪುರವರಾಧೀಶ್ವರ, ಲತ್ತಲೂರೆಂದರೆ ಲಾತೂರು. ಕನ್ನಡದಲ್ಲಿ ಶಾಸನ ಬರೆಸಿದ ಎರಡು ದೊಡ್ಡ ಮನೆತನಗಳು ತಮ್ಮ ಹಿರಿಮೆಯ ಬೇರನ್ನು ಈ ಸರಕಿನ ಹಾದಿಯ ಪೇಟೆಗಳಲ್ಲಿ ತೋರಿಸಿದವು. ಆ ಪೇಟೆಗಳು ಇಂದು ಯಾವ ರಾಜ್ಯದಲ್ಲಿವೆ ಎಂಬುದು 1956ರ ಬಳಿಕದ ಪ್ರಶ್ನೆ. ಅದನ್ನು ಹೊತ್ತುಕೊಂಡು ಒಂಬತ್ತನೆಯ ಶತಮಾನಕ್ಕೆ ಹೋದರೆ ಅಲ್ಲಿ ಉತ್ತರ ಕೊಡುವವರಿಲ್ಲ.

ಲೋಣಾವಳದ ಬಳಿಯ ಕಾರ್ಲೆಯ ಗುಹಾಚೈತ್ಯವನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಭೋರ ಘಟ್ಟದ ಹಾದಿಯಲ್ಲಿರುವ ಆ ಭವ್ಯವಾದ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿನ ಶಾಸನ ಹೇಳುತ್ತದೆ. ವೈಜಯಂತಿಯೆಂದರೆ ಬನವಾಸಿ. ಮಲೆನಾಡು ಬಯಲಿಗೆ ಇಳಿಯುವ ಅಂಚಿನಲ್ಲಿ, ವರದೆಯ ದಡದಲ್ಲಿ ಕುಳಿತು, ಕರಾವಳಿಯ ಸರಕನ್ನು ಒಳನಾಡಿಗೆ ದಾಟಿಸುತ್ತಿದ್ದ ಆ ಪಟ್ಟಣದ ಸೆಟ್ಟಿಯೊಬ್ಬ, ಕದಂಬ ಮಯೂರವರ್ಮ ಹುಟ್ಟುವುದಕ್ಕೆ ಎಷ್ಟೋ ಮೊದಲು, ಇಷ್ಟು ದೂರ ಬಂದು ತನ್ನ ಹಣದಿಂದ ಬೆಟ್ಟ ಕೊರೆಯಿಸಿದ. ಅದೇ ಗುಹೆಯ ಕಂಬಗಳ ಮೇಲೆ ಯವನ ದಾನಿಗಳ ಹೆಸರುಗಳೂ ಇವೆ. ಬನವಾಸಿಯಲ್ಲಿ ಅರಸುಮನೆತನ ನೆಲೆಯೂರುವ ಮೊದಲೇ ಸೆಟ್ಟಿಯಿದ್ದ. ಸೆಟ್ಟಿಯಿದ್ದ ತಾವನ್ನೇ ಅರಸರು ಆಯ್ದುಕೊಂಡರು.

ಬಾದಾಮಿಯ ಚಾಲುಕ್ಯರ ಕಥೆಯೂ ಬೇರೆಯಲ್ಲ. 543ರಲ್ಲಿ ಒಂದನೆಯ ಪುಲಕೇಶಿ ಮಲಪ್ರಭೆಯ ಕಣಿವೆಯ ಬಂಡೆಗಳ ಮೇಲೆ ಕೋಟೆ ಕಟ್ಟಿದ. ಮುಂದೆ ಮಂಗಳೇಶ ರೇವತೀದ್ವೀಪದ ಮೇಲೆ ಬಿದ್ದ. ಇಮ್ಮಡಿ ಪುಲಕೇಶಿ ನೂರಾರು ನಾವೆಗಳೊಡನೆ ಪಡುವಣ ಕಡಲ ಸಿರಿಯೆನಿಸಿದ್ದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನ ಹಾಡುತ್ತದೆ. ಬಯಲುಸೀಮೆಯ ಅರಸರಿಗೆ ಕಡಲ ದ್ವೀಪಗಳ ಮೇಲೆ ಇಷ್ಟು ಆಸೆ ಏಕೆ ಎಂದು ನಮ್ಮ ಭಾಷಣಕಾರರು ಕೇಳುವುದಿಲ್ಲ. ಹರ್ಷನನ್ನು ತಡೆದದ್ದು ಅವರಿಗೆ ಸಾಕು.

ಇನ್ನು ಮಾನ್ಯಖೇಟ. ಕಾಗಿಣೆಯ ದಡದ ಮಳಖೇಡ ಇಂದು ಸುಣ್ಣಗಲ್ಲಿನ ಬಿಸಿಲಲ್ಲಿ ಬೇಯುವ ಊರು. ಸುತ್ತಣ ಸೀಮೆಯಲ್ಲೆಲ್ಲ ಸಿಮೆಂಟಿನ ಧೂಳು. ಈ ಊರಿನ ಅರಸನನ್ನು ಅರಬ್ ಲೇಖಕರು ಬಲ್ಹರಾ, ಅಂದರೆ ವಲ್ಲಭರಾಜ, ಎಂದು ಕರೆದರು. 851ರ ಸುಮಾರಿನ ಅರಬ್ ವೃತ್ತಾಂತವೊಂದು ಅವನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಈ ಹೊಗಳಿಕೆಯನ್ನು ನಾವು ತಪ್ಪದೆ ಉದ್ಧರಿಸುತ್ತೇವೆ; ಹೊಗಳಿದವರು ವರ್ತಕರೆಂಬುದನ್ನು ಮರೆಯುತ್ತೇವೆ. ಅರಬ್ಬರನ್ನು ಅವನಷ್ಟು ಆದರಿಸುವ ದೊರೆ ಬೇರೊಬ್ಬನಿಲ್ಲವೆಂಬುದು ಅವರ ಮೆಚ್ಚುಗೆಗೆ ಕಾರಣ. ದಖ್ಖನದಲ್ಲಿ ಒಳ್ಳೆಯ ಯುದ್ಧಾಶ್ವಗಳು ಹುಟ್ಟುವುದಿಲ್ಲ, ಅವು ಕಡಲ ಮೇಲೆ ಬರಬೇಕು. ಆದರಕ್ಕೆ ಕಾರಣ ಇಷ್ಟು ಸರಳ. ಮುಮ್ಮಡಿ ಇಂದ್ರನ ಕಾಲದ, 926ರ ಚಿಂಚಣಿ ತಾಮ್ರಪಟವನ್ನು ಓದಿದರೆ ಇನ್ನೂ ಸೋಜಿಗ. ಸಂಜಾಣದ ರೇವುಸೀಮೆಯನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ತಾಜಿಕ ಕುಲದ ಮಧುಮತಿ. ಮಹಮ್ಮದನೆಂಬ ಅರಬ್ ಹೆಸರಿಗೆ ತೊಡಿಸಿದ ಸಂಸ್ಕೃತದ ಅಂಗಿ ಅದು. ಆತ ಹೊಳೆ ದಾಟುವವರಿಗೆ ಧರ್ಮದ ದೋಣಿ ನಡೆಸಿದ, ಅನ್ನಸತ್ರ ಇಟ್ಟ. ಈ ಮಧುಮತಿಯ ಹೆಸರನ್ನು ಹೊತ್ತ ಮಹಾದ್ವಾರವನ್ನು ನಾನು ಎಲ್ಲಿಯೂ ಕಂಡಿಲ್ಲ.

ದೂರದ ವ್ಯಾಪಾರದ ಹಾದಿಗಳು ರಾಜ್ಯಗಳನ್ನು ಕಟ್ಟಿದವು ಎಂಬುದು ಇಷ್ಟರಿಂದ ತಿಳಿಯುತ್ತದೆ. ಆದರೆ ಆ ರಾಜ್ಯಗಳು ಹೋದಲ್ಲೆಲ್ಲ ಕನ್ನಡ ಹೋಯಿತೆ, ಹೋದಲ್ಲೆಲ್ಲ ಉಳಿಯಿತೆ? ಜೂರಾದ ಶಾಸನವೇ ಉಳಿಯಲಿಲ್ಲವೆಂಬುದಕ್ಕೆ ಸಾಕ್ಷಿ. ದಂಡಿನೊಡನೆ ಹೋದ ಕನ್ನಡ ಕಲ್ಲಿನ ಮೇಲೆ ನಿಂತಿತು. ಸುತ್ತಣ ಊರುಗಳ ನಾಲಗೆಯ ಮೇಲೆ ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ವೆಂಗಿ. ಇಮ್ಮಡಿ ಪುಲಕೇಶಿ ತನ್ನ ಒಡಹುಟ್ಟಿದ ತಮ್ಮ ಕುಬ್ಜ ವಿಷ್ಣುವರ್ಧನನನ್ನೇ ಅಲ್ಲಿಗೆ ಕಳುಹಿಸಿದ. ರಕ್ತ ಒಂದೇ, ಬಿರುದುಗಳು ಒಂದೇ. ಆದರೆ ಆ ನೆಲ ಬೇರೆ: ಕೃಷ್ಣಾ ಗೋದಾವರಿಗಳು ಮೆಕ್ಕಲು ಹರಡಿದ ಭತ್ತದ ಸೀಮೆ, ಮೂಡಣ ಕಡಲಿಗೆ ಮುಖ ಮಾಡಿದ ರೇವುಗಳು, ತನ್ನದೇ ನುಡಿಯಾಡುವ ಒಕ್ಕಲು. ನಾಲ್ಕು ಶತಮಾನ ಕಳೆಯುವಷ್ಟರಲ್ಲಿ ಅದೇ ವಂಶದ ರಾಜರಾಜ ನರೇಂದ್ರನ ಆಶ್ರಯದಲ್ಲಿ ನನ್ನಯ್ಯ ತೆಲುಗು ಭಾರತವನ್ನು ತೊಡಗಿದ. ಚಾಲುಕ್ಯರ ಕುಡಿಯೇ ತೆಲುಗಿನ ತೊಟ್ಟಿಲು ತೂಗಿತು! ದೇವಗಿರಿಯ ಸೇವುಣರದು ಇದರ ಇನ್ನೊಂದು ಮುಖ. ಕನ್ನಡ ಶಾಸನಗಳನ್ನು ಧಾರಾಳವಾಗಿ ಹಾಕಿಸಿದ ಮನೆತನ ಅದು. ಗೋದಾವರಿಯ ಕಣಿವೆಯಲ್ಲಿ ಬೇರೂರಿದ ಮೇಲೆ ಅದರ ಕೊನೆಯ ದೊಡ್ಡ ಅರಸ ರಾಮಚಂದ್ರನ ಕಾಲದಲ್ಲಿ, 1290ರಲ್ಲಿ, ಜ್ಞಾನೇಶ್ವರಿ ಮರಾಠಿಯಲ್ಲಿ ಮೈದಾಳಿತು. ಅರಸರು ನುಡಿಯನ್ನು ನೆಲಕ್ಕೆ ಹೊತ್ತು ತರಲಿಲ್ಲ. ನೆಲದ ನುಡಿ ಅರಸರನ್ನು ತನ್ನವರನ್ನಾಗಿ ಮಾಡಿಕೊಂಡಿತು.

ವರ್ತಕರು ಇದನ್ನು ಅರಸರಿಗಿಂತ ಚೆನ್ನಾಗಿ ಅರಿತಿದ್ದರು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ನೆಲದ ಹಾದಿಯಲ್ಲೂ ನೀರಿನ ಹಾದಿಯಲ್ಲೂ ತಿರುಗುವವರೆಂದು, ಆನೆ ಕುದುರೆಗಳಿಂದ ಏಲಕ್ಕಿ ಲವಂಗಗಳವರೆಗೆ ಮಾರುವವರೆಂದು, ತಮ್ಮ ಸುಂಕದಿಂದ ಚಕ್ರವರ್ತಿಯ ಭಂಡಾರವನ್ನು ತುಂಬುವವರೆಂದು ಬಳ್ಳಿಗಾವೆ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಬಣ್ಣಿಸುತ್ತದೆ. ಅರಸ ಸಾಕಿದ ವರ್ತಕರ ಮಾತಲ್ಲ ಇದು, ಅರಸನನ್ನು ಸಾಕಿದವರ ಮಾತು. ಇದೇ ಸಂಘದವರು ಸುಮಾತ್ರಾದ್ವೀಪದ ಬಾರೂಸಿನಲ್ಲಿ 1088ರಲ್ಲಿ ಹಾಕಿಸಿದ ಶಾಸನ ತಮಿಳಿನಲ್ಲಿದೆ. ಕನ್ನಡ ನೆಲದಲ್ಲಿ ಕನ್ನಡ, ತಮಿಳರ ನಡುವೆ ತಮಿಳು. ದೂರದ ಹಾದಿಯಲ್ಲಿ ನಡೆಯುವವನಿಗೆ ನಾಲ್ಕು ನುಡಿಗಳು ಬೇಕು. ಅವನಿಂದ ಯಾವ ನುಡಿಯೂ ಒಂದೆಡೆ ಬೇರು ಬಿಡುವುದಿಲ್ಲ.

ಬೇರು ಬಿಡುವುದು ಹತ್ತಿರದ ಹಾದಿಯಲ್ಲಿ. ಎತ್ತಿನ ಬಂಡಿ ಹೊತ್ತಾರೆ ಹೊರಟು ಹೊತ್ತು ಮುಳುಗುವುದರೊಳಗೆ ತಿರುಗಿ ಬರಬಹುದಾದಷ್ಟು ದೂರದ ಸಂತೆ, ಆ ಸಂತೆಗೆ ಕೂಡುವ ಹತ್ತಾರು ಹಳ್ಳಿಗಳು, ಆ ಹಳ್ಳಿಗಳೊಳಗೇ ನಡೆಯುವ ಕೊಡುಕೊಳ್ಳುವ ಸಂಬಂಧಗಳು: ನುಡಿ ಬದುಕುವುದು ಈ ವರ್ತುಲದಲ್ಲಿ. ಕವಿರಾಜಮಾರ್ಗವೂ ಇದನ್ನೇ ಹೇಳಿತ್ತು, ನಾವು ಅದರ ಅರ್ಧವನ್ನಷ್ಟೇ ಕೇಳಿಸಿಕೊಂಡೆವು. ಕಾವೇರಿ ಗೋದಾವರಿಗಳ ಮಾತಿಗೆ ಚಪ್ಪಾಳೆ ತಟ್ಟುವ ನಾವು ಅದರ ಮುಂದಿನ ಮಾತನ್ನು ಬಿಟ್ಟುಬಿಡುತ್ತೇವೆ. ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದೆಂದು ಆ ಗ್ರಂಥ ಹೇಳುತ್ತದೆ. ಇವು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಹಾಗೂ ಬೆಳಗಾವಿ ಜಿಲ್ಲೆಯ ಒಕ್ಕುಂದ. ಗ್ರಂಥ ಹುಟ್ಟಿದ್ದು ಮಾನ್ಯಖೇಟದ ಆಸ್ಥಾನದಲ್ಲಿ. ಮಾನ್ಯಖೇಟ ಈ ನಾಲ್ಕರ ನಡುವೆ ಇಲ್ಲ! ಚಕ್ರವರ್ತಿಯ ಪುಸ್ತಕವೇ ನುಡಿಯ ತಿರುಳು ಚಕ್ರವರ್ತಿಯ ಬಾಗಿಲಲ್ಲಿಲ್ಲವೆಂದು ಒಪ್ಪಿಕೊಂಡಿರುವಾಗ, ಚಕ್ರವರ್ತಿಗಳ ಹೆಸರಿನಲ್ಲಿ ನಾವು ನುಡಿಯ ಹಕ್ಕು ಕೇಳುತ್ತಿದ್ದೇವೆ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಅಂಬಿಗರ ಚೌಡಯ್ಯ ಹೊಳೆ ದಾಟಿಸುವವನು. ಸುಂಕದ ಬಂಕಣ್ಣ ಕಟ್ಟೆಯಲ್ಲಿ ಸುಂಕ ಎತ್ತುವವನು. ಆದಯ್ಯ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದು ಕನ್ನಡದ ವಚನಕಾರನಾದವನು. ಗಾಣ, ಮಗ್ಗ, ಹಗ್ಗ, ಮೇದರ ಕಾಯಕಗಳು ಅನುಭಾವದ ಮಾತಾದದ್ದು ಪೇಟೆ ದಾರಿಗಳ ಕೂಟದಲ್ಲಿ. ನಮ್ಮ ಸೊನ್ನಲಿಗೆಯ ಸಿದ್ಧರಾಮ ಈ ಒಣನೆಲದಲ್ಲಿ ಮೊದಲು ಮಾಡಿದ್ದು ಕೆರೆ. ಬಿಜ್ಜಳನ ಮಂಗಳವೇಢೆ ಇಲ್ಲಿಯೇ ಇದೆ. ಕಲ್ಯಾಣದ ಗದ್ದುಗೆಯ ಮೇಲೆ ಕಲಚೂರಿಗಳು ಮೂರು ದಶಕವೂ ನಿಲ್ಲಲಿಲ್ಲ. ಮಂಗಳವೇಢೆಯ ಎರೆಹೊಲದ ಹಿಂಗಾರಿ ಜೋಳ ಇಂದಿಗೂ ಹೆಸರುವಾಸಿ. ಭೀಮೆಯ ಈಚೆಗೂ ಆಚೆಗೂ ಅದೇ ಎರೆ, ಅದೇ ಬಿಳಿಜೋಳ, ಅದೇ ರೊಟ್ಟಿ. ಮಣ್ಣು ಬದಲಾಗದ ಕಾರಣ ಒಕ್ಕಲುತನ ಬದಲಾಗಲಿಲ್ಲ. ಒಕ್ಕಲುತನ ಬದಲಾಗದ ಕಾರಣ ಸಂತೆಯ ಮಾತು ಬದಲಾಗಲಿಲ್ಲ. ನಾವು ಇಲ್ಲಿರುವುದು ಹೀಗೆ. ಯಾವ ದಂಡಯಾತ್ರೆಯ ಬಾಲ ಹಿಡಿದೂ ನಾವು ಬಂದಿಲ್ಲ, ಗಿರಣಿಯ ಭೋಂಗಾ ಕೇಳಿ ಮಾತ್ರವೂ ಬಂದಿಲ್ಲ.

ನಮ್ಮನ್ನು ಹೊರಗಿನವರೆನ್ನುವವರಿಗೆ ಕೊಡಬೇಕಾದ ಉತ್ತರ ಇದು. ಹಾಗೆಯೇ ಅವರ ನುಡಿಯೂ ಇಲ್ಲಿ ಹೊರಗಿನದಲ್ಲವೆಂದು ಒಪ್ಪುವ ದೊಡ್ಡಮನಸ್ಸು ನಮಗಿರಬೇಕು. ಸೀನೆ ಭೀಮೆಯನ್ನು ಕೂಡುವ ಹತ್ತರಸಂಗ ಕೂಡಲದ ಗುಡಿಯಲ್ಲಿ 1018ರದೆಂದು ಓದಲಾಗಿರುವ ಮರಾಠಿ ಬರಹವಿದೆ. ಸುತ್ತಣ ಹಳ್ಳಿಗಳಲ್ಲಿ ಕನ್ನಡ ಮನೆಮಾತು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರೂ ಇವೆ. ಯಾತ್ರೆಯ ದಾರಿ, ಸರಕಿನ ದಾರಿ ಎಲ್ಲಿ ಕೂಡುತ್ತವೋ ಅಲ್ಲಿ ಕಲ್ಲು ಎರಡು ಮೂರು ನುಡಿಗಳನ್ನಾಡುತ್ತದ್ದು ಸಹಜ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಇಂಡಿ, ಚಡಚಣ, ಆಳಂದ ಕಡೆಯ ರೈತರ ಉಳ್ಳಾಗಡ್ಡಿ ಇಂದಿಗೂ ಸೊಲ್ಲಾಪುರದ ಮಾರುಕಟ್ಟೆಗೆ ಬರುತ್ತದೆ. ದುಧನಿಯ ಅಡತಿ ಅಂಗಡಿಗಳಲ್ಲಿ ತೊಗರಿ ಕಡಲೆಯ ದರ ಕನ್ನಡದಲ್ಲಿ ಕೂಗಿಸಿಕೊಳ್ಳುತ್ತದೆ. ಎರಡು ಸಾವಿರ ವರ್ಷದ ಹಾದಿ ಪೂರ್ತಿ ಮುಚ್ಚಿಲ್ಲ. ಆದರೆ ಅಡತಿ ಅಂಗಡಿಯ ಯಜಮಾನನ ಮಗ ದರವನ್ನು ಕನ್ನಡದಲ್ಲಿ ಕೇಳಿ, ಲೆಕ್ಕವನ್ನು ಬೇರೆ ನುಡಿಯಲ್ಲಿ ಬರೆದು, ಮಗಳನ್ನು ಮೂರನೆಯ ನುಡಿಯ ಶಾಲೆಗೆ ಹಾಕುತ್ತಾನೆ. ಕನ್ನಡ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾಗುತ್ತಿದೆ. ಕನ್ನಡ ಕಲಿತು ಏನು ಮಾಡಲಿ ಎಂದು ಕೇಳುವ ಹುಡುಗನಿಗೆ ನಾವು ಪುಲಕೇಶಿಯನ್ನು ತೋರಿಸುತ್ತೇವೆ. ಅವನು ಕೇಳಿದ್ದು ಹೊಟ್ಟೆಪಾಡಿನ ಪ್ರಶ್ನೆ, ನಾವು ಕೊಡುವುದು ಕಿರೀಟದ ಉತ್ತರ. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸುಲಿದು ಹೋದ. ಕನ್ನಡಕ್ಕೆ ಏನೂ ಆಗಲಿಲ್ಲ. ಸಂತೆಯಲ್ಲಿ ಕನ್ನಡದ ಚೌಕಾಸಿ ನಿಂತ ದಿನ ಆಗುವುದನ್ನು ಯಾವ ತಾಮ್ರಪಟವೂ ತಡೆಯಲಾರದು.

ಆದುದರಿಂದ ಸಂಘದ ಮುಂದೆ ನನ್ನ ಬೇಡಿಕೆ ಕಮಾನಿನ ವೆಚ್ಚಕ್ಕಿಂತ ಚಿಕ್ಕದು. ಪ್ರತಿ ತಾಲೂಕಿನಲ್ಲಿ ಯಾವ ವಾರ ಯಾವ ಊರಿನ ಸಂತೆ, ಅಲ್ಲಿಗೆ ಯಾವ ಹಳ್ಳಿಗಳು ಕೂಡುತ್ತವೆ, ವ್ಯವಹಾರ ಯಾವ ನುಡಿಯಲ್ಲಿ ನಡೆಯುತ್ತದೆ ಎಂಬುದನ್ನು ಬರೆದಿಡೋಣ. ಅಳತೆಯ, ತೂಕದ, ದಲಾಲಿಯ, ಹೇರು ಕಟ್ಟುವ ಮಾತುಗಳನ್ನು ಅವುಗಳನ್ನು ಬಲ್ಲ ಹಿರಿಯರು ಇರುವಾಗಲೇ ಕೂಡಿಸೋಣ. ಶಾಲೆಯ ಮಕ್ಕಳನ್ನು ಒಮ್ಮೆ ತೇರಿಗೆ, ಒಮ್ಮೆ ಕೂಡಲಕ್ಕೆ, ಒಮ್ಮೆ ಸಿದ್ಧೇಶ್ವರನ ಗಡ್ಡೆಯ ಜಾತ್ರೆಯ ಜಾನುವಾರು ಪೇಟೆಗೆ ಕರೆದೊಯ್ಯೋಣ. ಹಳೆಯ ಮನೆತನಗಳ ಅಟ್ಟದ ಮೇಲೆ ಅಜ್ಜಂದಿರ ಕಿರ್ದಿ, ಖತಾವಣಿಗಳ ಕಟ್ಟುಗಳು ಬಿದ್ದಿರಬಹುದು. ಲಿಪಿ ಕನ್ನಡವಿರಲಿ ಮೋಡಿಯಿರಲಿ, ಅವುಗಳಲ್ಲಿ ಯಾವ ಊರಿನ ಯಾರು ಯಾವ ಸರಕನ್ನು ಎಲ್ಲಿಗೆ ಹೇರಿದರೆಂಬ ಲೆಕ್ಕವಿದೆ. ಗೆದ್ದಲಿಗೆ ಆಹಾರವಾಗುವ ಮೊದಲು ಅವನ್ನು ಸಂಘದ ಗ್ರಂಥಾಲಯಕ್ಕೆ ತಲುಪಿಸಿರಿ. ಓದಬಲ್ಲವರನ್ನು ಕರೆಸುವ ಹೊಣೆಯನ್ನು ಕಾರ್ಯಕಾರಿ ಸಮಿತಿ ಹೊರಲಿ. ಮಹಾದ್ವಾರ ಬೇಕೇಬೇಕೆಂದಾದರೆ, ಬನವಾಸಿಯ ಭೂತಪಾಲ ಸೆಟ್ಟಿಯ ಹೆಸರು ಇನ್ನೂ ಯಾರಿಗೂ ಮೀಸಲಾಗಿಲ್ಲ.